ನೋಡದೆ ಹೇಳಿದ ‘ಬಂತು’

ಅಪಘಾತಗಳ ತನಿಖೆ ಮಾಡುವ ಆ ಹೆಂಗಸಿಗೆ ಪೊಲೀಸರು ಇಟ್ಟಿದ್ದ ಹೆಸರು ಚಿಮಟಮ್ಮ. ಅವರು ಯಾವುದನ್ನೂ ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಎಲ್ಲಕ್ಕೂ ಒಂದು ಸಣ್ಣ ಚಿಮಟ. ಎದುರಿಗೆ ಮೇಡಂ, ಬೆನ್ನ ಹಿಂದೆ ಚಿಮಟಮ್ಮ. ನಾನೂ ಮನಸ್ಸಿನಲ್ಲಿ ಅವರನ್ನು ಹಾಗೇ ಕರೆಯುತ್ತೇನೆ, ಆದರೆ ಕೈಮುಗಿದು ಕರೆಯುತ್ತೇನೆ. ನನ್ನಂಥ ಬಾಯಿಬಡುಕಿ ಒಬ್ಬರ ಬಗ್ಗೆ ಇಷ್ಟು ಗೌರವ ಇಟ್ಟುಕೊಂಡಿದ್ದು ನಮ್ಮ ಮನೆಯವರಿಗೆ ಇವತ್ತಿಗೂ ಸೋಜಿಗ.

ನಮ್ಮದು ಬೇಕರಿ. ನಮ್ಮದು ಎಂದರೆ ಯಜಮಾನಿಕೆ ನಮ್ಮದಲ್ಲ, ದುಡಿತ ಮಾತ್ರ ನಮ್ಮದು. ಅಣ್ಣ ಬ್ರೆಡ್ಡಿನ ವ್ಯಾನ್ ಓಡಿಸುತ್ತಾನೆ, ನಾನು ಟ್ರೇಗಳನ್ನು ಅದಕ್ಕೆ ತುಂಬಿಸುತ್ತೇನೆ. ಯಜಮಾನರಿಗೆ ನಾನು ಇಟ್ಟಿರುವ ಹೆಸರು ಈಸ್ಟ್, ಹಿಟ್ಟು ಹುದುಗಿ ಉಬ್ಬಲು ಹಾಕುತ್ತೇವಲ್ಲ, ಅದು. ಸ್ವಲ್ಪ ಬಿಸಿ ತಾಗಿದರೆ ಸಾಕು, ಉಬ್ಬಿಬಿಡುತ್ತಾರೆ. ಮನುಷ್ಯ ಕೆಟ್ಟವರಲ್ಲ. ಉಬ್ಬಿದಷ್ಟೇ ಬೇಗ ಇಳಿಯುತ್ತಾರೆ ಕೂಡ.

ಸಂಜೆ ವ್ಯಾನ್ ತೊಳೆದಾದ ಮೇಲೆ ಅಣ್ಣನದೂ ನನ್ನದೂ ಒಂದು ರೂಢಿಯಿತ್ತು. ಅವನು ಡ್ರೈವರ್ ಸೀಟಿನಲ್ಲಿ ಕೂತು ದೀಪದ ಸ್ವಿಚ್ ಹಾಕುತ್ತಾನೆ, ನಾನು ವ್ಯಾನಿನ ಹಿಂದೆ ನಿಲ್ಲುತ್ತೇನೆ. “ಬಂತಾ?” ಎಂದು ಅಲ್ಲಿಂದ ಕೂಗುತ್ತಾನೆ. ಎರಡೂ ಕಡೆ ಕೆಂಪು ದೀಪ ಉರಿದರೆ ನಾನು “ಬಂತು” ಅನ್ನಬೇಕು. ಆಮೇಲೆ ಬ್ರೇಕ್ ತುಳಿಯುತ್ತಾನೆ. ಮತ್ತೆ “ಬಂತಾ?”, ಮತ್ತೆ “ಬಂತು”. ಕೊನೆಗೆ ಅವನು “ಸರಿ, ಆಫ್ ಮಾಡ್ತೀನಿ” ಅನ್ನುತ್ತಾನೆ, ಇಬ್ಬರೂ ಮನೆಗೆ ಹೊರಡುತ್ತೇವೆ. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಎದುರು ಬೀದಿಯ ಬೀಗ ರಿಪೇರಿಯವನು ನಮ್ಮನ್ನು ಅಣಕಿಸಲು ಅಣ್ಣನನ್ನು ಕಂಡಾಗಲೆಲ್ಲ “ಬಂತಾ?” ಎಂದು ಕೇಳುತ್ತಿದ್ದ.

ಒಂದು ಸಂಜೆ ನೋಡಿದರೆ ಬಲಗಡೆಯ ದೀಪ ಸತ್ತಿತ್ತು. ಮರುದಿನ ಸಂಜೆ ಅಣ್ಣನಿಗೆ ಸೊಂಟ ಹಿಡಿದಿತ್ತು, ಬಗ್ಗಲಾಗದು ಎಂದು ಹೊಸ ಬಲ್ಬನ್ನು ನನ್ನ ಕೈಗೆ ಕೊಟ್ಟ. ನಾನೇ ಕೆಂಪು ಗಾಜಿನ ಸ್ಕ್ರೂ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಒತ್ತಿ ತಿರುಗಿಸಿದೆ. ಅದು ಬಿಗಿಯಾಗಿತ್ತು. ಸರಿಯಾಗಿ ಕೂತಿತೋ, ಸುಮ್ಮನೆ ಸಿಕ್ಕಿಕೊಂಡಿತೋ ಎಂದು ಒಂದು ಕ್ಷಣ ಅನುಮಾನವೂ ಬಂತು. ಸರಿ, ಈಗ ಗೊತ್ತಾಗುತ್ತದಲ್ಲ ಎಂದುಕೊಂಡು ಎದ್ದು ನಿಂತೆ.

“ಬಂತಾ?” ಎಂದ ಅಣ್ಣ.

ಅದೇ ಹೊತ್ತಿಗೆ ನನ್ನ ಹಿಂದೆ ಗೋಡೆಗೆ ಒರಗಿಸಿದ್ದ ಟ್ರೇಗಳ ರಾಶಿ ವಾಲಿತು. ನಾನು ತಿರುಗಿ ಎರಡೂ ಕೈಯಲ್ಲಿ ಅದನ್ನು ತಬ್ಬಿ ಹಿಡಿದೆ. ಬಾಯಿ ಮಾತ್ರ ತನ್ನ ಪಾಡಿಗೆ ತಾನು “ಬಂತು” ಎಂದಿತು.

“ಬ್ರೇಕು? ಬಂತಾ?”

“ಬಂತೂ ಅಂದ್ನಲ್ಲ! ಎಷ್ಟು ಸಲ ಕೇಳ್ತೀಯ!”

“ಸರಿ ಮಾರಾಯ್ತಿ, ಆಫ್ ಮಾಡ್ತೀನಿ.”

ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ ತಿರುಗುವಷ್ಟರಲ್ಲಿ ಅವನು ಎಲ್ಲ ಆರಿಸಿ ಕೆಳಗಿಳಿದಿದ್ದ. ಇನ್ನೊಂದು ಸಲ ಹಾಕು ಎಂದು ಹೇಳಬಹುದಿತ್ತು. ಬೈದ ಬಾಯಲ್ಲಿ ಬೇಡಿಕೊಳ್ಳುವುದು ಹೇಗೆ ಎಂದು ಸುಮ್ಮನಾದೆ.

ಮರುದಿನ ಬೆಳಗಿನ ಜಾವ ಮಂಜು ಕವಿದಿತ್ತು. ಮೊದಲ ಅಂಗಡಿಗೆ ಬ್ರೆಡ್ ಇಳಿಸುವ ತಿರುವಿನ ಹತ್ತಿರ ಹಿಂದಿನಿಂದ ಬಂದ ಒಂದು ಕಾರು ಅಣ್ಣನ ವ್ಯಾನಿಗೆ ಗುದ್ದಿತು. ಗುದ್ದಿದ ರಭಸಕ್ಕೆ ವ್ಯಾನು ಕಂಬಕ್ಕೆ ಹೋಗಿ ನಿಂತಿತು. ಅಣ್ಣನ ಎಡಗಾಲು ಎರಡು ಕಡೆ ಮುರಿಯಿತು, ತಲೆಗೂ ಪೆಟ್ಟಾಯಿತು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರ್ ಹೇಳುವವರೆಗೆ ಅತ್ತಿಗೆ ನನ್ನ ಕೈ ಬಿಡಲಿಲ್ಲ, ನಾನು ಅವಳ ಕೈ ಬಿಡಲಿಲ್ಲ.

ಕಾರು ಓಡಿಸುತ್ತಿದ್ದವರು ಒಬ್ಬ ಶಾಲಾ ಮೇಷ್ಟ್ರು. ಪಕ್ಕದಲ್ಲಿದ್ದ ಅವರ ತಾಯಿಯ ಕೈ ಮುರಿದಿತ್ತು. ಮೇಷ್ಟ್ರು ಪೊಲೀಸರಿಗೆ ಬರೆದುಕೊಟ್ಟದ್ದು ಒಂದೇ ಮಾತು: ವ್ಯಾನಿನ ಹಿಂದೆ ದೀಪವೇ ಇರಲಿಲ್ಲ. ಅದು ನಿಜವಾದರೆ ತಪ್ಪೆಲ್ಲ ಅಣ್ಣನದೇ. ಲೈಸೆನ್ಸ್ ಹೋಗುತ್ತದೆ, ಕೇಸು ಅವನ ಮೇಲೆ ಬೀಳುತ್ತದೆ, ಒಬ್ಬ ಮುದುಕಿಯ ಕೈ ಮುರಿದವನು ಎಂಬ ಹೆಸರು ಹಾಗೇ ಉಳಿಯುತ್ತದೆ. ಡ್ರೈವಿಂಗ್ ಬಿಟ್ಟರೆ ನಮ್ಮಣ್ಣನಿಗೆ ಬರುವ ಇನ್ನೊಂದು ಕೆಲಸ ಎಂದರೆ ನನ್ನನ್ನು ರೇಗಿಸುವುದು.

ಪೊಲೀಸರು ವಾರ್ಡಿಗೆ ಬಂದು ಕೇಳಿದರು. ಅಣ್ಣನಿಗೆ ಆ ಬೆಳಗಿನದು ಏನೂ ನೆನಪಿರಲಿಲ್ಲ. ಹಲ್ಲುಜ್ಜಿದ್ದು ನೆನಪಿದೆ, ಆಮೇಲೆ ಕಂಡದ್ದು ಆಸ್ಪತ್ರೆಯ ಫ್ಯಾನು ಎಂದ. ದೀಪದ ಮಾತು ಬಂದಾಗ ಮಾತ್ರ ದಿಂಬಿನಿಂದ ತಲೆ ಎತ್ತಿದ.

“ದೀಪ ಇತ್ತು ಸಾರ್. ಹಿಂದಿನ ಸಂಜೆ ನಮ್ ತಂಗಿನೇ ಬಲ್ಬ್ ಹಾಕಿ, ನೋಡಿ, ಬಂತು ಅಂದ್ಳು. ಅವಳು ಬಂತು ಅಂದ್ರೆ ಬಂದೇ ಇರುತ್ತೆ.”

ನಾನು ಮಂಚದ ಕಾಲ ಬಳಿ ನಿಂತಿದ್ದೆ. ಪೊಲೀಸಿನವರು ನನ್ನ ಕಡೆ ನೋಡಿದರು. ಹೌದೆಂದು ತಲೆ ಆಡಿಸಿದೆ.

ಮಧ್ಯಾಹ್ನ ಬೇಕರಿಗೆ ಹೋದರೆ ಈಸ್ಟ್ ಉಬ್ಬಿ ಕೂತಿದ್ದರು. “ದೀಪ ಇರ್ಲಿಲ್ವಂತೆ! ಯಾರಿಗೆ ಹೇಳ್ತಾರೆ ಇವ್ರು? ನಡೀ, ಈಗ್ಲೇ ಹಾಕಿ ತೋರಿಸೋಣ” ಎಂದು ಗೋದಾಮಿನಿಂದ ಒಂದು ಬ್ಯಾಟರಿ ಎತ್ತಿಕೊಂಡು ಹೊರಟರು. ನಾನೂ ಹಿಂದೆ ಓಡಿದೆ. ಅವರಿಗೆ ಪೊಲೀಸರಿಗೆ ತೋರಿಸಬೇಕಿತ್ತು. ನನಗೆ ನಾನೇ ನೋಡಬೇಕಿತ್ತು. ಒಂದು ಸಲ, ಒಂದೇ ಒಂದು ಸಲ ಅದು ಉರಿದರೆ ಸಾಕು, ಜನ್ಮದಲ್ಲಿ ಇನ್ನು ನೋಡದೆ ಮಾತಾಡುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಜಖಂ ಆದ ವಾಹನಗಳನ್ನು ಇಡುವ ಬಯಲಿನಲ್ಲಿ ನಮ್ಮ ವ್ಯಾನು ನಿಂತಿತ್ತು. ಹಿಂಬದಿ ಒಳಕ್ಕೆ ಮುದುಡಿತ್ತು. ಬಲಗಡೆಯ ಕೆಂಪು ಗಾಜು ಚೂರಾಗಿತ್ತು, ಅದರೊಳಗಿನ ಬಲ್ಬಿನ ಗಾಜೂ ಒಡೆದಿತ್ತು, ಬುಡ ಮಾತ್ರ ಕೂತಲ್ಲೇ ಕೂತಿತ್ತು. ದೀಪದ ಸ್ವಿಚ್ಚಿಗೆ ಒಂದು ಹಳದಿ ಚೀಟಿ ಕಟ್ಟಿತ್ತು: ಮುಟ್ಟಬಾರದು. ಈಸ್ಟ್ ಚೀಟಿಗೆ ಸೊಪ್ಪು ಹಾಕುವವರೇ? ಬಾನೆಟ್ ಎತ್ತಿ, ಬ್ಯಾಟರಿ ಇಟ್ಟು, ಒಂದು ವೈರು ಸಿಕ್ಕಿಸಿದರು. “ನೀನು ಒಳಗೆ ಹೋಗಿ ಸ್ವಿಚ್ ಹಾಕು” ಎಂದರು. ನಾನು ಅಣ್ಣನ ಸೀಟಿನಲ್ಲಿ ಕೂತು ಸ್ವಿಚ್ಚಿನ ಮೇಲೆ ಬೆರಳಿಟ್ಟೆ.

“ಕೈ ತೆಗೀರಿ!”

ಅಷ್ಟು ದೊಡ್ಡ ದನಿ ಅಷ್ಟು ಸಣ್ಣ ಹೆಂಗಸಿನದು ಎಂದು ಮೊದಲು ಗೊತ್ತಾಗಲಿಲ್ಲ. ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡು, ಎರಡು ಕೈಯಲ್ಲಿ ಎರಡು ಪೆಟ್ಟಿಗೆ ಹಿಡಿದುಕೊಂಡು ಚಿಮಟಮ್ಮ ಓಡಿ ಬರುತ್ತಿದ್ದರು. ಪೆಟ್ಟಿಗೆ ಕೆಳಗಿಟ್ಟವರೇ ಬ್ಯಾಟರಿಯ ವೈರು ಕಿತ್ತರು.

“ಉರಿಯುತ್ತಾ ಅಂತ ನೋಡ್ತಿದ್ವಿ ಅಷ್ಟೇ” ಎಂದರು ಈಸ್ಟ್.

“ಉರಿಯುತ್ತೆ! ಒಂದು ಸೆಕೆಂಡ್ ಉರಿದು ಹೊಗೆ ಆಗಿ ಹೋಗುತ್ತೆ! ಗಾಜು ಒಡೆದಿರೋ ಬಲ್ಬಿಗೆ ಕರೆಂಟ್ ಕೊಟ್ರೆ ಒಳಗಿನ ಎಳೆ ಸುಟ್ಟುಹೋಗುತ್ತೆ. ಆಮೇಲೆ ಅದು ಅಪಘಾತದಲ್ಲಿ ಉರೀತಿತ್ತೋ, ನಿಮ್ಮಿಂದ ಉರೀತೋ ಅಂತ ದೇವರು ಬಂದ್ರೂ ಹೇಳಕ್ಕಾಗಲ್ಲ. ಚೀಟಿ ಏನು ಅಲಂಕಾರಕ್ಕೆ ಕಟ್ಟಿದೀನಾ?”

ಈಸ್ಟ್ ಇಳಿದುಹೋದರು. ನಾನು ಸೀಟಿನಿಂದ ಹೊರಬಂದೆ. ಇನ್ನೊಂದು ಉಸಿರು ತಡವಾಗಿದ್ದರೆ ಅಣ್ಣನಿಗಿದ್ದ ಒಂದೇ ಸಾಕ್ಷಿಯನ್ನು ನಾನೇ ಸುಟ್ಟು ಹಾಕುತ್ತಿದ್ದೆ. ಅವತ್ತು ಹಾಗೆ ಗದರಿದ್ದಕ್ಕೆ ಚಿಮಟಮ್ಮನಿಗೆ ನಾನು ಎಷ್ಟು ಋಣಿ ಎಂದು ಹೇಳಿ ಮುಗಿಯುವುದಿಲ್ಲ.

ಸ್ವಿಚ್ ಆನ್ ಇತ್ತೋ ಆಫ್ ಇತ್ತೋ ನೋಡಿದರೆ ಸಾಲದೇ ಎಂದು ನಾನು ಮೆಲ್ಲಗೆ ಕೇಳಿದೆ. ಬೆಂಕಿ ಹತ್ತೀತೆಂಬ ಭಯಕ್ಕೆ ಅಗ್ನಿಶಾಮಕದವರು ಅಣ್ಣನನ್ನು ಹೊರಗೆಳೆಯುವ ಮುಂಚೆಯೇ ಎಲ್ಲ ಆರಿಸಿ ಬ್ಯಾಟರಿ ಬಿಚ್ಚಿದ್ದರಂತೆ. ಹಾಗಾಗಿ ಸ್ವಿಚ್ಚಿನ ಮಾತಿಗೆ ಬೆಲೆ ಇಲ್ಲ ಎಂದರು ಚಿಮಟಮ್ಮ. ಸಿಟ್ಟು ಇಳಿದ ಮೇಲೆ ಪೆಟ್ಟಿಗೆ ತೆರೆದರು. ಒಂದರಲ್ಲಿ ರಸ್ತೆ ಅಳೆಯುವ ಚಕ್ರ, ಹಳದಿ ಸೀಮೆಸುಣ್ಣ, ಟೇಪು, ತೂಕದ ಗುಂಡು ಕಟ್ಟಿದ ದಾರ, ಕ್ಯಾಮೆರಾ. ಇನ್ನೊಂದರಲ್ಲಿ ಭೂತಗನ್ನಡಿ, ಚಿಮಟಗಳ ಸಾಲು, ಹತ್ತಿ ತುಂಬಿದ ಒಂದು ಮೊಟ್ಟೆಯ ತಟ್ಟೆ. ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದೊಂದು ಬಲ್ಬು ಮಲಗಿತ್ತು.

“ಇವು ನನ್ನ ಮಾದರಿಗಳು, ನಾನೇ ಒಡೆದಿದ್ದು” ಎಂದು ಭೂತಗನ್ನಡಿ ನನ್ನ ಕೈಗೆ ಕೊಟ್ಟರು. “ಇದನ್ನ ಆರಿಸಿಟ್ಟು ಸುತ್ತಿಗೇಲಿ ಹೊಡೆದೆ. ಎಳೆ ತಣ್ಣಗಿತ್ತು, ಪಟಕ್ ಅಂತ ಮುರೀತು. ಸುರುಳಿ ಹೇಗಿತ್ತೋ ಹಾಗೇ ಇದೆ, ತುದಿ ಚೂಪಾಗಿದೆ. ಇದನ್ನ ಉರಿಸ್ಕೊಂಡೇ ಹೊಡೆದೆ. ಬಿಸಿ ಎಳೆ ಮೆತ್ತಗಿರುತ್ತಲ್ಲ, ಹಿಗ್ಗಿ ಜೋತುಬಿತ್ತು. ಗಾಜು ಒಡೆದಾಗ ಅದರ ಹುಡಿ ಹಾರಿ ಬಿಸಿ ಎಳೆಗೆ ಅಂಟಿ ಕರಗಿದೆ, ನೋಡಿ. ತಣ್ಣಗಿರೋದಕ್ಕೆ ಗಾಜು ಹೀಗೆ ಕರಗಲ್ಲ.”

ನಾನು ನೋಡಿದೆ. ಒಂದು ಹೊಸ ಸ್ಪ್ರಿಂಗಿನ ಹಾಗಿತ್ತು, ಇನ್ನೊಂದು ಮಕ್ಕಳು ಎಳೆದು ಹಾಳುಮಾಡಿದ ಸ್ಪ್ರಿಂಗಿನ ಹಾಗೆ. ನಮ್ಮ ವ್ಯಾನಿನ ಬಲ್ಬು ಇದರಲ್ಲಿ ಯಾವುದರ ಹಾಗಿದೆಯೋ ಯಾರಿಗೆ ಗೊತ್ತು. ಚಿಮಟಮ್ಮ ಮುದುಡಿದ ತಗಡಿನ ಮುಂದೆ ಮಂಡಿಯೂರಿ, ಉಸಿರು ಬಿಗಿಹಿಡಿದು, ಎಡಗಡೆಯದನ್ನೂ ಬಲಗಡೆಯದನ್ನೂ ಬಿಡಿಸಿಕೊಂಡು ಹತ್ತಿಯಲ್ಲಿ ಮಲಗಿಸಿದರು. ತೊಟ್ಟಿಲಲ್ಲಿ ಮಗುವನ್ನು ಮಲಗಿಸುವಾಗಲೂ ನಾನು ಅಷ್ಟು ನಾಜೂಕಾಗಿರಲಿಲ್ಲ.

ಎರಡು ದಿನ ಒಳಗೊಳಗೇ ಬೆಂದೆ. ಆಸ್ಪತ್ರೆಗೆ ಬಂದವರಿಗೆಲ್ಲ ಅಣ್ಣ ಅದೇ ಮಾತು ಹೇಳುತ್ತಿದ್ದ, ನಮ್ ತಂಗಿ ನೋಡಿ ಬಂತು ಅಂದಿದ್ದಾಳೆ. ಅತ್ತಿಗೆ ಅದಕ್ಕೆ ತಲೆದೂಗುತ್ತಿದ್ದಳು. ಪಕ್ಕದ ಮಂಚದ ರೋಗಿಗೂ ನಮ್ಮ ‘ಬಂತಾ, ಬಂತು’ ಬಾಯಿಪಾಠವಾಗಿತ್ತು. ಮೂರನೆಯ ದಿನ ತಡೆಯಲಾಗದೆ ಚಿಮಟಮ್ಮನ ಕಚೇರಿಗೆ ಹೋದೆ. ಕಿಟಕಿಯಿಲ್ಲದ ಸಣ್ಣ ಕೋಣೆ, ಮೇಜಿನ ಮೇಲೆ ಸೂಕ್ಷ್ಮದರ್ಶಕ, ಗೋಡೆಗೆ ಟೈರಿನ ಗುರುತುಗಳ ಫೋಟೋ. ನಿಂತಲ್ಲೇ ಹೇಳಿಬಿಟ್ಟೆ.

“ಮೇಡಂ, ನಾನು ನೋಡಿರ್ಲಿಲ್ಲ. ಟ್ರೇ ಬೀಳ್ತಿತ್ತು. ತಿರುಗಿ ನಿಂತ್ಕೊಂಡು ಸುಮ್ನೆ ಬಂತು ಅಂದೆ.”

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕನ್ನಡಕ ಏರಿಸಿಕೊಂಡು ಒಂದು ಹಾಳೆ ತೆಗೆದು ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು, ನನ್ನ ಕೈಯಲ್ಲಿ ಸಹಿ ಹಾಕಿಸಿದರು.

“ಇದರಿಂದ ಅಣ್ಣನಿಗೆ ತೊಂದ್ರೆ ಆಗುತ್ತಾ?”

“ನೋಡಮ್ಮ, ನೀವು ಬಂತು ಅಂದಿದ್ದೂ ಬಲ್ಬಿಗೆ ಗೊತ್ತಿಲ್ಲ, ನೋಡಿಲ್ಲ ಅಂದಿದ್ದೂ ಗೊತ್ತಿಲ್ಲ. ಅದು ಉರೀತಿದ್ರೆ ಉರೀತಿತ್ತು. ನಾನು ಅದನ್ನೇ ಕೇಳೋದು. ನಾಡಿದ್ದು ಬನ್ನಿ.” ಆಮೇಲೆ ಸ್ವಲ್ಪ ತಡೆದು, “ಅಣ್ಣನಿಗೆ ಹೇಳಿದ್ರಾ?” ಎಂದು ಕೇಳಿದರು. ನಾನು ಇಲ್ಲವೆಂದೆ. “ಕಾಗದದಲ್ಲಿ ಓದೋಕಿಂತ ನಿಮ್ಮ ಬಾಯಲ್ಲಿ ಕೇಳಿದ್ರೆ ಒಳ್ಳೇದು” ಎಂದರು.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಅತ್ತಿಗೆ ಬಟ್ಟೆ ತರಲು ಮನೆಗೆ ಹೋಗಿದ್ದಳು. ಅಣ್ಣ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದ. ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು, ನಮ್ಮ ಮನೆಯಲ್ಲಿ ಬೈಗುಳಕ್ಕೆ ಯಾವತ್ತೂ ಬರವಿರಲಿಲ್ಲ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅಂದದ್ದು ಇಷ್ಟೇ: “ನಾನು ಎಲ್ರಿಗೂ ನಿನ್ನ ಮಾತೇ ಹೇಳ್ತಿದ್ದೆ.”

ಮರುದಿನ ಹೋದೆ, ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡ. ಅಣ್ಣನ ಕಳ್ಳನಿದ್ದೆ ನನಗೆ ಚಿಕ್ಕಂದಿನಿಂದ ಗೊತ್ತು, ರೆಪ್ಪೆ ಅದುರುತ್ತದೆ. ಮುಂಚೆ ಆಗಿದ್ದರೆ ಕಿವಿ ಹಿಂಡಿ ಎಬ್ಬಿಸುತ್ತಿದ್ದೆ. ಅವತ್ತು ಹೊದಿಕೆ ಸರಿಮಾಡಿ ಎದ್ದು ಬಂದೆ.

ಅದರ ಮರುದಿನ ಬೆಳಗ್ಗೆ ಚಿಮಟಮ್ಮನ ಕೋಣೆಗೆ ಕಾಲಿಟ್ಟಾಗ ಮೇಜಿನ ಮೇಲೆ ವರದಿ ಸಿದ್ಧವಾಗಿತ್ತು. ಸಹಿ, ಮೊಹರು ಎಲ್ಲ ಬಿದ್ದಿತ್ತು. ಇನ್ನು ಯಾರು ನೋಡಿದರೂ ಅಡ್ಡಿಯಿಲ್ಲ ಎಂದು ಕುರ್ಚಿ ಎಳೆದು ಕೂರಿಸಿದರು.

“ಮೊದ್ಲು ಎಡಗಡೆದು. ಅದು ಉರೀತಿರ್ಲಿಲ್ಲ.”

ನಾನು ಕುರ್ಚಿಯ ತುದಿಗೆ ಬಂದೆ.

“ಅಪಘಾತಕ್ಕೂ ಅದಕ್ಕೂ ಸಂಬಂಧ ಇಲ್ಲ. ಮುಂಚೇನೇ ಸುಟ್ಟುಹೋಗಿತ್ತು, ಎಳೆಗಳ ತುದಿ ಕರಗಿ ಗುಂಡಗಾಗಿದೆ. ನೀವು ಬಂತು ಅಂದ ಸಂಜೇನೂ ಪ್ರಾಯಶಃ ಉರೀತಿರ್ಲಿಲ್ಲ. ತಿರುಗಿ ನೋಡಿದ್ರೆ ಕಾಣ್ತಿತ್ತು.”

ಅಂದರೆ ನಾನಾಡಿದ ಮಾತು ಅರ್ಧ ಸುಳ್ಳೇ. ನಾಲಿಗೆ ಕಚ್ಚಿಕೊಂಡು ಕೂತೆ. ಅವರು ಬಲಗಡೆಯ ಬಲ್ಬನ್ನು ಚಿಮಟದಲ್ಲಿ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದು ತಿರುಪು ತಿರುಗಿಸಿ ಪಕ್ಕಕ್ಕೆ ಸರಿದರು.

“ಇದನ್ನ ನಾನು ಹೇಳಲ್ಲ. ಮಾದರಿ ತೋರಿಸಿದೀನಿ, ನೀವೇ ನೋಡಿ. ನಿಮಗೆ ಅದು ಬೇಕು ಅನ್ಸುತ್ತೆ.”

ನಾನು ಬಗ್ಗುವುದಕ್ಕೂ ನನ್ನ ಫೋನ್ ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಅಣ್ಣ. ಎರಡು ದಿನದಿಂದ ನನ್ನ ಜೊತೆ ಮಾತಾಡದವನು. ವರದಿ ಇವತ್ತು ಕೊಡುತ್ತಾರೆ ಎಂದು ಅತ್ತಿಗೆ ಹೇಳಿರಬೇಕು. ಫೋನನ್ನು ಕಿವಿಗಿಟ್ಟುಕೊಂಡೆ. ಹಲೋ ಇಲ್ಲ, ಏನಿಲ್ಲ.

“ಬಂತಾ?” ಎಂದ.

ಅವನು ಕೇಳಿದ್ದು ವರದಿ ಬಂತಾ ಎಂದು. ಆದರೆ ಆ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೂ ಹೊಳೆಯಿತು ಅಂತ ಕಾಣುತ್ತದೆ. ಹನ್ನೊಂದು ವರ್ಷದ ಅಭ್ಯಾಸದ ನಾಲಿಗೆ, ಇನ್ನೇನು ಹೇಳಿಯೇಬಿಡುತ್ತಿತ್ತು. ತುಟಿ ಬಿಗಿಹಿಡಿದೆ.

“ತಡಿ ಅಣ್ಣ” ಎಂದೆ. “ನೋಡಿ ಹೇಳ್ತೀನಿ.”

“ನೋಡು” ಎಂದ ಅವನು. “ನಂಗೇನು ಅರ್ಜೆಂಟಿಲ್ಲ, ಕಾಲು ಕಟ್ಟಿಹಾಕಿದಾರೆ.”

ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಗಾಜಿಗೆ ಇಟ್ಟೆ. ಮೊದಲು ಬರೀ ಬೆಳಕು ಕಂಡಿತು. ಚಿಮಟಮ್ಮ ನನ್ನ ಕೈ ಹಿಡಿದು ತಿರುಪಿನ ಮೇಲಿಟ್ಟರು, ಮೆಲ್ಲಗೆ ತಿರುಗಿಸಿದೆ. ಎರಡು ಎಳೆಗಳು ಕಂಡವು, ಒಂದು ಸಣ್ಣದು, ಒಂದು ದಪ್ಪ. ಸಣ್ಣ ಎಳೆಯ ಸುರುಳಿ ಹಿಗ್ಗಿ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು, ಮಕ್ಕಳು ಎಳೆದ ಸ್ಪ್ರಿಂಗಿನ ಹಾಗೆ. ಅದರ ಮೈಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಹನಿಗಳು ಹೊಳೆಯುತ್ತಿದ್ದವು. ದಿನವೂ ಬೇಕರಿಯಲ್ಲಿ ನೋಡುತ್ತೇನೆ, ಬಿಸಿ ಬನ್ನಿನ ಮೇಲೆ ಉದುರಿಸಿದ ಸಕ್ಕರೆ ಹೀಗೇ ಕರಗಿ ಕೂರುತ್ತದೆ. ತಣ್ಣನೆಯ ಬನ್ನಿಗೆ ಅದು ಅಂಟುವುದಿಲ್ಲ. ಕಣ್ಣು ತೆಗೆದು ಒರೆಸಿಕೊಂಡೆ. ಮತ್ತೆ ಇಟ್ಟು ಇನ್ನೊಮ್ಮೆ ನೋಡಿದೆ.

“ದಪ್ಪ ಎಳೆ ಬ್ರೇಕಿನದು” ಎಂದರು ಚಿಮಟಮ್ಮ ಮೆಲುದನಿಯಲ್ಲಿ. “ಅದನ್ನೂ ನೋಡಿ.”

ಅದೂ ಹಿಗ್ಗಿತ್ತು. ಅದರ ಮೇಲೂ ಗಾಜು ಕರಗಿತ್ತು. ಕಾರು ಗುದ್ದಿದಾಗ ಅಣ್ಣನ ಕಾಲು ಬ್ರೇಕಿನ ಮೇಲಿತ್ತು. ಅವನು ನಿದ್ದೆ ಮಾಡಿರಲಿಲ್ಲ, ಮೈಮರೆತಿರಲಿಲ್ಲ. ಅಂಗಡಿ ಬಂತೆಂದು ನಿಧಾನ ಮಾಡುತ್ತಿದ್ದ. ಅವನಿಗೇ ನೆನಪಿಲ್ಲದ ಆ ಕ್ಷಣವನ್ನು ಕೂದಲೆಳೆಯಷ್ಟು ತಂತಿಯೊಂದು ಇಟ್ಟುಕೊಂಡಿತ್ತು, ಈ ಪುಣ್ಯಾತ್ಗಿತ್ತಿ ಅದನ್ನು ಮಂಡಿಯೂರಿ ಎತ್ತಿಕೊಂಡು ಬಂದಿದ್ದರು.

“ಅಣ್ಣ” ಎಂದೆ.

“ಹೂಂ.”

“ಎಡಗಡೆದು ಇರ್ಲಿಲ್ಲ. ಅದು ಮುಂಚೇನೇ ಹೋಗಿತ್ತು. ನಾನು ನೋಡ್ಬೇಕಿತ್ತು.”

“ಹೂಂ.”

“ಬಲಗಡೆದು ಬಂತು ಅಣ್ಣ. ಬ್ರೇಕೂ ಬಂತು.”

“ನೋಡಿದ್ಯಾ?”

“ಎರಡು ಸಲ ನೋಡಿದೆ. ಈಗ್ಲೂ ನೋಡ್ತಾ ಇದೀನಿ.”

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ ಡ್ರೈವರ್ ಸೀಟಿನಿಂದ ಹೇಳುತ್ತಿದ್ದ ಅದೇ ದನಿಯಲ್ಲಿ, “ಸರಿ ಮಾರಾಯ್ತಿ, ಆಫ್ ಮಾಡ್ತೀನಿ” ಎಂದು ಫೋನ್ ಇಟ್ಟ.